ಗೀಜರಿನ ಕೆಳಗಿನ ಗಿಂಡಿ

ನಮ್ಮ ಮನೆಗೆ ಬರುವವರೇ ಕಡಿಮೆ. ಬಂದವರೂ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಹೊರಗೆ ಬಂದ ಮೇಲೆ ಕೇಳುವುದು ಒಂದೇ ಪ್ರಶ್ನೆ.

"ಅಲ್ರೀ, ಗೀಜರ್ ಕೆಳಗ ಆ ಹಿತ್ತಾಳಿ ಗಿಂಡಿ ಯಾಕ ಇಟ್ಟೀರಿ?"

"ಹನಿ ಬೀಳ್ತದ್ರಿ."

"ರಿಪೇರಿ ಮಾಡಸ್ರಲ್ಲ ಮತ್ತ."

"ರಿಪೇರಿ ಮಾಡ್ಸಿದ್ದಕ್ಕನ ಬೀಳ್ತದ."

ಇಷ್ಟು ಹೇಳಿದ ಮೇಲೆ ಅವರು ನನ್ನ ಮುಖ ನೋಡುತ್ತಾರೆ. ಒಬ್ಬಳೇ ಇದ್ದೂ ಇದ್ದೂ ಈ ಹೆಣ್ಣುಮಗಳಿಗೆ ಏನೋ ಆಗಿದೆ ಎಂದುಕೊಳ್ಳುತ್ತಾರೇನೋ. ಅಂದುಕೊಂಡರೆ ಪೂರಾ ಸುಳ್ಳೂ ಅಲ್ಲ. ಆ ಗಿಂಡಿಯ ಕತೆ ಒಂದು ಕಪ್ ಚಹಾದಲ್ಲಿ ಮುಗಿಯುವಂಥದ್ದಲ್ಲ. ನಿಮಗೆ ಪುರಸೊತ್ತಿದ್ದರೆ ಹೇಳುತ್ತೇನೆ.

ರಾಯಚೂರಿನವರ ಮನೆಯಲ್ಲಿ ಗೀಜರ್ ಇದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಶಿವರಾತ್ರಿ ದಾಟಿತೆಂದರೆ ನಮ್ಮ ಮಾಳಿಗೆಯ ಮೇಲಿನ ಟ್ಯಾಂಕಿನ ನೀರಿಗೆ ಅಕ್ಕಿ ತೊಳೆದು ಹಾಕಿದರೆ ಅನ್ನವಾಗುತ್ತದೆ. ಬೇಸಿಗೆಯಲ್ಲಿ ನಾವು ನೀರು ಕಾಯಿಸುವವರಲ್ಲ, ಆರಿಸುವವರು. ನಸುಕಿನಲ್ಲೇ ಬಕೆಟ್ ತುಂಬಿಟ್ಟು, ಅದು ತಣ್ಣಗಾಗಲಿ ಎಂದು ಕಾದು ಜಳಕ ಮಾಡುವವರು. ಆದರೆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಇಲ್ಲಿಯೂ ಒಂದು ಚಳಿ ಇದೆ. ಬಿಸಿಲಿಗೆ ಒಗ್ಗಿದ ಮೈಗೆ ಅದು ಸಣ್ಣ ಚಳಿಯೇನಲ್ಲ. ಆ ಎರಡು ಮೂರು ತಿಂಗಳಿಗಾಗಿ ನಮಗಿಂತ ಮುಂಚೆ ಇದ್ದ ಬಾಡಿಗೆಯವರು ಬಚ್ಚಲ ಗೋಡೆಗೆ ಈ ಗೀಜರ್ ಹಾಕಿಸಿದ್ದರು. ಹೋಗುವಾಗ ಬಿಚ್ಚಿಕೊಂಡು ಹೋಗಲಿಲ್ಲ. ಅದು ಅವರ ಮರೆವೋ ನಮ್ಮ ಪುಣ್ಯವೋ, ದೇವರಿಗೇ ಗೊತ್ತು.

ಕೆಳಗೆ ಬೀಜ-ಗೊಬ್ಬರದ ಅಂಗಡಿಯವರ ಗೋದಾಮು, ಮೇಲೆ ನಾವು. ಮಗಳು ಲೀಲಾಳನ್ನು ಕಾಲೇಜಿಗೆ ಹಾಕಲು ದೇವದುರ್ಗದ ಕಡೆಯ ಅರಕೇರಾದಿಂದ ಇಲ್ಲಿಗೆ ಬಂದೆವು. ಊರಿನ ಮನೆ ಮೈದುನನ ಸಂಸಾರಕ್ಕೆ ಆಯಿತು; ನಾವು ಸಾಮಾನು ಇಟ್ಟಿದ್ದ ಕೋಣೆಯಲ್ಲಿ ಈಗ ಅವರ ತೊಗರಿ ಚೀಲಗಳಿವೆ. ನಮ್ಮ ಮನೆಯವರು ಭತ್ತ ಕೊಯ್ಯುವ ಮಷೀನು ಓಡಿಸುತ್ತಾರೆ. ಹೊಲದಲ್ಲಿ ಭತ್ತ ನಿಂತಿರುವಷ್ಟು ದಿನ ಅವರು ಮನೆಯಲ್ಲಿ ನಿಲ್ಲುವುದಿಲ್ಲ. ಮಾನ್ವಿ ಕಡೆ ಕೊಯ್ಲು ಮುಗಿಯಿತೆಂದರೆ ಸಿಂಧನೂರು, ಅಲ್ಲಿ ಮುಗಿದರೆ ಹೊಳೆ ದಾಟಿ ತೆಲಂಗಾಣ. ಲೀಲಾ ಇರುವತನಕ ಇದು ಗೊತ್ತಾಗಲಿಲ್ಲ. ಹೋದ ವರ್ಷ ಅವಳನ್ನು ಬಾಗಲವಾಡಕ್ಕೆ ಕೊಟ್ಟೆವು. ಒಳ್ಳೆಯ ಮನೆ. ಹೊಲ ಇದೆ, ಕುರಿ ಇವೆ, ಅಳಿಯನಿಗೆ ಮಾತು ಕಡಿಮೆ, ಕೆಲಸ ಹೆಚ್ಚು. ದೇವರು ಕಣ್ಣು ತೆರೆದ. ಆ ಕಣ್ಣು ನನ್ನ ಕಡೆಗೂ ಸ್ವಲ್ಪ ಹೊರಳಿದ್ದರೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಒಬ್ಬಳಿಗೆ ರೊಟ್ಟಿ ಬಡಿದು ನೋಡಿದ್ದೀರಾ? ಎರಡು ರೊಟ್ಟಿಗಾಗಿ ಹಂಚು ಕಾಯುವಷ್ಟರಲ್ಲಿ ಹಸಿವೇ ಎದ್ದು ಹೋಗಿರುತ್ತದೆ. ಮಾತಾಡದೆ ಮಧ್ಯಾಹ್ನವಾದ ಮೇಲೆ ತರಕಾರಿಯವನು ಕೂಗಿದರೆ, ಉತ್ತರ ಕೊಡಲು ಗಂಟಲು ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತದೆ. ಅಂಥ ಮನೆಯಲ್ಲಿ ಬೆಳಿಗ್ಗೆ ಎದ್ದು ಸ್ವಿಚ್ಚು ಒತ್ತಿದರೆ ಗೀಜರಿನ ಹೊಟ್ಟೆಯ ಮೇಲೆ ಒಂದು ಕೆಂಪು ದೀಪ ಹತ್ತುತ್ತಿತ್ತು, ಒಳಗೆ ಸುಂಯ್ ಎಂದು ಸದ್ದು ಏಳುತ್ತಿತ್ತು. ಮನೆಯಲ್ಲಿ ಇನ್ನೊಂದು ಜೀವ ಎದ್ದು ಕೆಲಸ ಹಚ್ಚಿಕೊಂಡಿದೆ ಎಂಬ ಹಾಗೆ. ಜಳಕ ಮುಗಿದರೂ ನಾನು ಸ್ವಿಚ್ಚು ತೆಗೆಯುತ್ತಿರಲಿಲ್ಲ. ಪೂಜೆ ಮುಗಿಯಲಿ, ರೊಟ್ಟಿ ಮುಗಿಯಲಿ, ಇರಲಿ ಬಿಡು ಎಂದು ಬಿಡುತ್ತಿದ್ದೆ. ದೇವರ ಮುಂದೆ ಒಂದು ದೀಪ, ಬಚ್ಚಲಲ್ಲಿ ಒಂದು ದೀಪ.

ಮಹಾನವಮಿಯಲ್ಲಿ ಎಲ್ಲರೂ ಗಾಡಿಗೆ, ಮಿಕ್ಸಿಗೆ ಪೂಜೆ ಮಾಡಿದರೆ ನಾನು ಗೀಜರಿಗೂ ಮಾಡಿದೆ. ಮೂರು ಬೆರಳಿನಿಂದ ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಒಂದು ಚೆಂಡು ಹೂ ಸಿಕ್ಕಿಸಿದೆ. ಹಿಂದೆ ಸರಿದು ನೋಡಿದರೆ, ಗೋಡೆಗೆ ಆತು ಕುಳಿತ ದುಂಡನೆಯ ಸ್ವಾಮಿಗಳೊಬ್ಬರ ಹಾಗೆ ಕಂಡಿತು. ಅಂದಿನಿಂದ ಅದನ್ನು ಸ್ವಾಮಿಗಳೆಂದೇ ಕರೆಯುತ್ತಿದ್ದೆ. "ಏನ್ರಿ ಸ್ವಾಮಿಗಳ, ನೀರು ಕಾದಾವೇನ್ರಿ?" ಯಾರಾದರೂ ಕೇಳಿಸಿಕೊಂಡರೆ ನಗುತ್ತಾರೆ ಎಂಬ ಹೆದರಿಕೆ ಇರಲಿಲ್ಲ. ಕೇಳಿಸಿಕೊಳ್ಳುವವರು ಇದ್ದಿದ್ದರೆ ಅದನ್ನೇಕೆ ಮಾತಾಡಿಸುತ್ತಿದ್ದೆ?

ನನ್ನ ತವರು ಕಲ್ಲೂರು. ಅಲ್ಲಿ ನೀರು ಕಾಯಿಸುವುದೆಂದರೆ ಅದೊಂದು ಸಂಸಾರ. ಬಚ್ಚಲ ಮೂಲೆಯಲ್ಲಿ ಹೂಡಿದ ತಾಮ್ರದ ಹಂಡೆ. ಒಳಗೆ ಬೆಳ್ಳಗೆ, ಹೊರಗೆ ಕಾಡಿಗೆಯಂಥ ಕಪ್ಪು. ಒಲೆಗೆ ಹತ್ತಿಕಟ್ಟಿಗೆ. ಹತ್ತಿಕಟ್ಟಿಗೆ ಚಟಪಟ ಉರಿದು ಕ್ಷಣದಲ್ಲಿ ಮುಗಿಯುತ್ತದೆ, ಆದ್ದರಿಂದ ಮುಂದೆ ಒಬ್ಬರು ಕುಳಿತು ನೂಕುತ್ತಲೇ ಇರಬೇಕು. ಚಳಿಗಾಲದಲ್ಲಿ ಆ ಕೆಲಸಕ್ಕೆ ಮಕ್ಕಳಲ್ಲಿ ಜಗಳ. ಬೇಸಿಗೆಯಲ್ಲಿ ಎಲ್ಲರಿಗೂ ಒಮ್ಮೆಲೇ ಓದುವುದು ನೆನಪಾಗುತ್ತಿತ್ತು. ನಮ್ಮ ತಲೆಗೂದಲಿನಲ್ಲಿ ಯಾವಾಗಲೂ ಹೊಗೆಯ ವಾಸನೆ. ಸಾಲೆಯಲ್ಲಿ ಟೀಚರು ಮೂಗು ಮುಚ್ಚಿಕೊಂಡು, "ಇವತ್ತ ಜಳಕಾ ಮಾಡಿ ಬಂದೋರು ಯಾರು ಅಂತ ಕೇಳೋದ ಬ್ಯಾಡ" ಎನ್ನುತ್ತಿದ್ದರು.

ನೀರಿನ ಹದ ನೋಡುವವಳು ನಮ್ಮವ್ವ ಒಬ್ಬಳೇ. ಅವಳು ನೀರಿಗೆ ಬೆರಳು ಅದ್ದುತ್ತಿರಲಿಲ್ಲ. ಸೀರೆಯ ಸೆರಗು ಮೇಲೆ ಸಿಕ್ಕಿಸಿ ಮೊಳಕೈ ಅದ್ದುತ್ತಿದ್ದಳು. ಲೀಲಾ ಹುಟ್ಟಿದಾಗ ನಾನು ಕಲ್ಲೂರಿಗೆ ಬಾಣಂತನಕ್ಕೆ ಹೋಗಿದ್ದೆ. ಅವ್ವ ನನಗೆ ಮೈ ಕೆಂಪಾಗುವ ನೀರು ಎರೆಯುತ್ತಿದ್ದಳು. ನಾನು ಚೀರಿದರೆ, "ಚೀರಬ್ಯಾಡ, ಎಲುವು ಕೂಡ್ಕೋತಾವ" ಎನ್ನುತ್ತಿದ್ದಳು. ಅದೇ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಕೂಸಿಗೆ ಹದ ಮಾಡುವಾಗ ಮಾತ್ರ ಮೂರು ಸಲ, ನಾಲ್ಕು ಸಲ ಮೊಳಕೈ. "ಬೆರಳಿನಿಂದ ನೋಡಿದ್ರ ಆಗಂಗಿಲ್ಲೇನವ್ವಾ?" ಎಂದು ಕೇಳಿದ್ದೆ. "ರೊಟ್ಟಿ ತಟ್ಟಿ ತಟ್ಟಿ ಬೆರಳು ಹಲ್ಕಟ್ಟ ಆಗ್ಯಾವ. ಬಿಸಿಗೂ ಹೂಂ ಅಂತಾವ, ತಣ್ಣಗಿದ್ರೂ ಹೂಂ ಅಂತಾವ. ಮೊಳಕೈ ಖರೇ ಹೇಳ್ತದ" ಎಂದಿದ್ದಳು. ಕೇಳಿ ನಕ್ಕಿದ್ದೆ. ನಗುವ ಬದಲು ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಲೀಲಾಗೆ ದಿನ ತುಂಬುತ್ತಾ ಬಂದವು. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಕುಬಸ ಮಾಡಿ, ಅಂದರೆ ಬಸುರಿಗೆ ಹೊಸ ಸೀರೆ-ಕುಪ್ಪಸ ಉಡಿಸಿ ಉಡಿ ತುಂಬಿ, ಮಗಳನ್ನು ಕರೆತಂದರೆ ಕೂಸಿನ ತೊಟ್ಟಿಲು ಕಟ್ಟಿ ಐದು ತಿಂಗಳಾಗುವತನಕ ಅವಳು ನಮ್ಮವಳು. ಐದು ತಿಂಗಳು! ಮನೆಯಲ್ಲಿ ಅಳು, ನಗು, ಲೋಬಾನದ ಹೊಗೆ, ಒಣಗಲು ಹಾಕಿದ ಸಣ್ಣ ಸಣ್ಣ ಅರಿವೆ. ನಾನು ಬೆರಳು ಮಡಚಿ ಎಣಿಸುತ್ತಿದ್ದೆ.

ಬಯಕೆಯ ಬುತ್ತಿ ಕಟ್ಟಿಕೊಂಡು ಬಾಗಲವಾಡಕ್ಕೆ ಹೋದ ದಿನ ಬೀಗತಿ ಸಿದ್ದವ್ವ, ಎಂದರೆ ಲೀಲಾಳ ಅತ್ತೆ, ಎಲ್ಲರ ಮುಂದೆ ಮಾತು ತೆಗೆದರು.

"ಅಕ್ಕಾರ, ನಾ ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಬಾಡಿಗಿ ಮನಿ ತವರಮನಿ ಆಗ್ತದೇನ್ರಿ? ಹಂಡೆ ಇಲ್ಲ, ಒಲಿ ಹೂಡಾಕ ಜಾಗ ಇಲ್ಲ. ಸ್ವಿಚ್ಚಿನ ನೀರು ಬಾಣಂತಿ ಮೈಗೆ ಹತ್ತತಾವೇನು?"

"ನೀರು ನೀರರಿ ಅಕ್ಕಾರ. ಬೆಂಕಿಲೆ ಕಾಸಿದ್ರೂ ಕಾಯ್ತಾವ, ಕರೆಂಟಿಲೆ ಕಾಸಿದ್ರೂ ಕಾಯ್ತಾವ."

"ಹಂಗಂತೀರಿ? ಆಗ್ಲಿ. ಕುಬಸದ ಮುಂದ ನಾ ಒಂದ್ಸಲ ಬಂದು ನೋಡ್ತೀನಿ. ಸರಿ ಕಂಡ್ರ ಕಳಸ್ತೀವಿ. ಇಲ್ಲಾಂದ್ರ ಇಲ್ಲೇ ಆಗ್ಲಿ ಬಾಣಂತನ. ನಮ್ಮಲ್ಲಿ ಹಂಡೆ ಅದ, ಕಟಗಿ ಅದಾವ, ನಾ ಅದೀನಿ."

ಲೀಲಾ ಬಾಗಿಲ ಹಿಂದೆ ನಿಂತು ಸೆರಗಿನ ತುದಿ ಸುತ್ತುತ್ತಿದ್ದಳು. ಅವಳು ಏನು ಹೇಳಿಯಾಳು? ನಾನು ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ.

ಮನೆಯ ಮಾಲಕರು ಮಾನ್ವಿಯಲ್ಲಿದ್ದಾರೆ. ಮಾಳಿಗೆಯ ಮೇಲೆ ಒಂದು ಒಲೆ ಹೂಡಿಕೊಳ್ಳಲೇ ಎಂದು ಫೋನಿನಲ್ಲಿ ಕೇಳಿದೆ. "ತಾಯೀ, ಕೆಳಗ ಗೊಬ್ಬರದ ಚೀಲ ಅದಾವ, ಮ್ಯಾಲ ನೀವು ಬೆಂಕಿ ಹಚ್ಚತೀರಿ. ಬಾಣಂತನ ನಿಮ್ದು, ತಿಥಿ ನಂದು!" ಎಂದು ಇಟ್ಟುಬಿಟ್ಟರು. ಉಳಿದವರು ನಮ್ಮ ಸ್ವಾಮಿಗಳು ಒಬ್ಬರೇ.

ಗೀಜರಿನ ಅಡಿಯಲ್ಲಿ ಬಿಸಿ ಹೆಚ್ಚು-ಕಡಿಮೆ ಮಾಡುವ ಒಂದು ತಿರುಗುಗುಂಡಿ ಇದೆ. ಅದರ ಮೇಲಿನ ಅಂಕಿ ಅಳಿಸಿ ಹೋಗಿತ್ತು. ಅಂಕಿ ಇಲ್ಲದಿದ್ದರೆ ಏನು, ಹಿಂದಿನ ಹೆಣ್ಣುಮಕ್ಕಳು ಅಂಕಿ ನೋಡಿ ನೀರು ಕಾಯಿಸಿದ್ದರೇ? ಸ್ಟೂಲು ಹಾಕಿಕೊಂಡು, ಇನ್ನು ತಿರುಗುವುದಿಲ್ಲ ಎನ್ನುವತನಕ ತಿರುಗಿಸಿದೆ. ಮರುದಿನ ನಳದಿಂದ ಹಬೆಯಾಡುವ ನೀರು ಬಂತು. ಬೆರಳಿಟ್ಟು ನೋಡಿದೆ. ಬೆರಳು ಹೂಂ ಎಂದಿತು. ನನಗೆ ಹಿಗ್ಗೇ ಹಿಗ್ಗು: ಬಾಗಲವಾಡದ ಹಂಡೆ ಇದರ ಮುಂದೆ ಎಷ್ಟರದು!

ಅಂದಿನಿಂದಲೇ ಹನಿ ಬೀಳುವುದು ಹೆಚ್ಚಾಯಿತು. ಗೀಜರಿನ ಕೆಳಗೆ ತಣ್ಣೀರು ಒಳಹೋಗುವ ಪೈಪಿನ ಹತ್ತಿರ ಒಂದು ಸಣ್ಣ ವಾಲ್ವು ಇದೆ. ಅದರ ಬಾಯಿಂದ ತೊಟ್, ತೊಟ್. ಸೋರುವ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಕೇಳಿ ಬೆಳೆದವಳು ನಾನು. ಮೇಲಾಗಿ ಬೀಗತಿಯ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಹಸಿ ನೆಲದಲ್ಲಿ ಬಾಣಂತಿ ಕಾಲು ಜಾರಿದರೆ? ಹಳೆಯ ಕುಪ್ಪಸದ ಅಂಚು ಹರಿದು ವಾಲ್ವಿನ ಬಾಯಿಗೆ ತುರುಕಿದೆ, ಮೇಲೆ ಬಿಗಿಯಾಗಿ ಸುತ್ತಿದೆ, ಮೇಣದಬತ್ತಿ ಕರಗಿಸಿ ಹೊಯ್ದೆ. ಹನಿ ನಿಂತಿತು. ನೆಲ ಒಣಗಿತು. ಒಣಗಿದ ನೆಲದ ಮೇಲೆ ಬರಿಗಾಲಿನಲ್ಲಿ ಎರಡು ಸಲ ಓಡಾಡಿ ನೋಡಿದೆ.

ನಾಲ್ಕನೆಯ ದಿನ ಕಾರ್ತಿಕ ಸೋಮವಾರ. ಸಿದ್ದವ್ವ ಬರುತ್ತೇನೆಂದು ಹೇಳಿದ್ದೂ ಅವತ್ತೇ. ಬೆಳಿಗ್ಗೆ ಸ್ವಿಚ್ಚು ಹಾಕಿ, ಕೋಣೆ ಸಾರಿಸಿ, ದೇವರಿಗೆ ದೀಪ ಹಚ್ಚುತ್ತಿದ್ದೆ. ಬಚ್ಚಲಿನಿಂದ ಸದ್ದು ಬಂತು. ಸುಂಯ್ ಅಲ್ಲ, ಗುಡು ಗುಡು. ಬಂಡೆಯ ಮೇಲೆ ಎತ್ತಿನ ಬಂಡಿ ಹೋದ ಹಾಗೆ. ಹೋಗಿ ನಳ ತಿರುವಿದೆ. ನೀರು ಬರಲಿಲ್ಲ; ಬುಸ್ಸೆಂದು ಹಬೆ ಬಂತು, ಹಿಂದೆಯೇ ಕುದಿಯುವ ನೀರು ಸಿಡಿದು ಪಾದದ ಮೇಲೆ ಬಿತ್ತು. ನಳ ಬಿಗಿದು ಹೊರಗೆ ಬಂದು ಸ್ವಿಚ್ಚು ತೆಗೆದೆ. ಕೆಂಪು ದೀಪ ಆರಿತು, ಗುಡುಗುಡು ಆರಲಿಲ್ಲ.

ಮನೆಯವರಿಗೆ ಫೋನ್ ಹಚ್ಚಿದೆ. ಆ ಕಡೆ ಮಷೀನಿನ ಗದ್ದಲ.

"ಗೀಜರ್ ಕುದ್ಯಾಕತ್ತದ್ರಿ!"

"ಏನು? ಕಾದಿದ್ರ ರೇಡಿಯೇಟರ್ ಮುಚ್ಚಳ ತೆಗಿಬ್ಯಾಡ! ಇಂಜಿನ್ ಬಂದ್ ಮಾಡು, ದೂರ ಸರಿ!"

"ಗೀಜರ್‌ರೀ, ಮಷೀನಲ್ಲ!"

"ಎಲ್ಲಾ ಒಂದ ಅದ! ಮುಟ್ಟಬ್ಯಾಡ, ಆರಾಕ ಬಿಡು! ಆಮ್ಯಾಲ ಮಾಡ್ತೀನಿ!"

ಈಗ ನೆನೆಸಿಕೊಂಡರೆ, ಅವರು ಗದ್ದಲದಲ್ಲಿ ಕೂಗಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಅವತ್ತು ಮಾತ್ರ ಅಳು ಬಂತು. ಕರೆಂಟಿನ ಬೋರ್ಡಿನ ಪಕ್ಕ ಹಿಂದಿನ ಬಾಡಿಗೆಯವರು ಪೆನ್ಸಿಲಿನಲ್ಲಿ ಬರೆದ ಒಂದು ನಂಬರು ಇತ್ತು. ಅದು ಎಲೆಕ್ಟ್ರಿಷಿಯನ್ ಖಾಜಾಸಾಬರದು. ಹಿಂದೆ ಒಮ್ಮೆ ಫ್ಯಾನ್ ಸರಿಮಾಡಿ ಹೋಗಿದ್ದವರು, ನಮ್ಮವರ ವಯಸ್ಸಿನವರು.

"ಅಮ್ಮಾರ, ಮೊದಲ ಮೇನ್ ಬಂದ್ ಮಾಡ್ರಿ. ನಳ ಮುಟ್ಟಬ್ಯಾಡ್ರಿ, ಏನೂ ಬಿಚ್ಚಬ್ಯಾಡ್ರಿ. ಬಚ್ಚಲ ಬಾಗಲಾ ಹಾಕಿ ಹೊರಗ ಹೋಗಿ ಕುಂಡ್ರಿ. ಮನ್ಯಾಗ ಮತ್ಯಾರು ಅದಾರ?"

"ಯಾರಿಲ್ಲ. ನಾನೊಬ್ಬಾಕೀನ."

"ಬರಾಕತ್ತೀನಿ. ಹೊರಗ ಕುಂಡ್ರಿ ನೀವು."

ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಕೆಳಗೆ ಗೋದಾಮಿಗೆ ಬೀಗ. ನನ್ನ ಮನೆಯ ಬಾಗಿಲಾಚೆ ನಾನು, ಒಳಗೆ ದೇವರ ದೀಪ ಮತ್ತು ಆ ಗುಡುಗುಡು. ಒಡೆದರೆ ಯಾರಿಗೆ ಹೇಳಬೇಕು ಎಂದು ಯೋಚಿಸಿದೆ. ಹೇಳಬೇಕಾದವರ ಹೆಸರುಗಳು ನೆನಪಾಗುತ್ತಿದ್ದವು, ಆದರೆ ಕೂಗಿದರೆ ಕೇಳಿಸುವಷ್ಟು ಹತ್ತಿರ ಒಬ್ಬರೂ ಇರಲಿಲ್ಲ. ಪಾದ ಉರಿಯುತ್ತಿತ್ತು. "ಶಿವನೇ, ನಾನು ಒಬ್ಬಳೇ ಇದ್ದಾಗ ಆಯಿತು, ಕೂಸು ಇದ್ದಾಗ ಆಗಲಿಲ್ಲ" ಎಂದೆ. ಅವನ ಉಪಕಾರ ಎಣಿಸುವ ಚಟ ನನಗೆ. ಅವತ್ತು ಎಣಿಕೆ ಒಂದಕ್ಕೇ ನಿಂತಿತು.

ಖಾಜಾಸಾಬರು ಬರುವ ಹೊತ್ತಿಗೆ ಸದ್ದು ಅಡಗಿತ್ತು. ಆದರೂ ಇನ್ನಷ್ಟು ಹೊತ್ತು ಕಾದು, ನೀರು ಆರಿದ ಮೇಲೆ ಗೀಜರ್ ಖಾಲಿ ಮಾಡಿ, ಗೋಡೆಯಿಂದ ಇಳಿಸಿ, ಬಚ್ಚಲ ಮುಂದಿನ ನಡುಮನೆಯಲ್ಲಿ ಚೀಲ ಹಾಸಿ ಮಲಗಿಸಿದರು. ಅಡಿಯ ಮುಚ್ಚಳ ಬಿಚ್ಚಿದರೆ ಒಳಗಿನಿಂದ ಹಿಡಿ ಹಿಡಿ ಬಿಳಿ ಚಕ್ಕೆ ಬಂದವು.

"ನೋಡ್ರಿ, ನಮ್ಮ ಬೋರಿನ ಉಪ್ಪುನೀರಿನ ಸುಣ್ಣ. ಇದು ಥರ್ಮೋಸ್ಟ್ಯಾಟ್, ನೀರು ಕಾದ ಕೂಡ್ಲೇ ಕರೆಂಟ್ ಬಂದ್ ಮಾಡೋದು. ಇದಕ್ಕ ಸುಣ್ಣ ಕಟ್ಟಿ ಬಿಸಿ ತಿಳ್ಯಂಗಿಲ್ಲ ಈಗ. ನೀರು ಕುದ್ಯಾಕತ್ತಿದ್ರೂ ಇನ್ನೂ ತಣ್ಣಗ ಅದಾವ ಅಂತ ತಿಳ್ಕೊಂಡು ಕಾಸಕೋತ ಹೋಗ್ತದ. ಕಡೀಕ ಸುಟ್ಟು ಅಂಟಿಕೊಂಡದ."

ಅದಕ್ಕೂ ರೊಟ್ಟಿ ತಟ್ಟಿದ ಬೆರಳಿನ ಗತಿಯೇ ಬಂದಿತ್ತು.

"ಗುಂಡಿ ಯಾರು ಪೂರಾ ತಿರುವಿದ್ದು?"

"ನಾನ್ರಿ."

"ದಿನಾ ಎಷ್ಟೊತ್ತು ಹಚ್ಚಿರ್ತೀರಿ?"

ಕೆಂಪು ದೀಪಕ್ಕಾಗಿ ಹಚ್ಚಿಡುತ್ತೇನೆ ಎಂದು ಹೇಗೆ ಹೇಳುವುದು? ಅಷ್ಟರಲ್ಲಿ ಅವರ ಕೈ ವಾಲ್ವಿನ ಮೇಲೆ ಬಂತು. ಮೇಣ ಕೆರೆದರು, ಅರಿವೆಯ ಸುತ್ತು ಬಿಚ್ಚಿದರು, ಬಿಚ್ಚುತ್ತಲೇ ಹೋದರು.

"ಯಾ ಅಲ್ಲಾ. ಇದ್ಯಾರು ಮಾಡ್ಯಾರ್ರಿ?"

"ನಾನರಿ. ಸೋರಾಕತ್ತಿತ್ತು."

"ಸೋರಾಕತ್ತಿದ್ದಿಲ್ಲ ಅಮ್ಮಾರ, ಉಸುರು ಬಿಡಾಕತ್ತಿತ್ತು. ನೀರು ಕಾದು ಉಬ್ಬಿದಾಗ ಇದರಾಗಿಂದ ಹನಿ ಬೀಳಬೇಕು. ಬೀಳ್ಲಿಲ್ಲ ಅಂದ್ರ ಒಡಿತದ. ನೀವು ಇದರ ಮೂಗು ಬಾಯಿ ಎರಡೂ ಕಟ್ಟೀರಿ. ಇವತ್ತ ನೀವು ಉಳದದ್ದ ದೊಡ್ಡದು. ನಳ ತಿರುವಿದ್ರಲ್ಲ, ಅಷ್ಟ ಹಬೆ ಹೋಗೇದ."

ನಾನು ಹಣೆ ಮುಟ್ಟಿಕೊಂಡೆ. ಬಾಗಿಲಲ್ಲಿ ನೆರಳು ಬಿತ್ತು. ತಲೆಯ ಮೇಲೆ ಸೆರಗು, ಕೈಯಲ್ಲಿ ಬೆಣ್ಣೆಯ ಡಬ್ಬಿ. ಸಿದ್ದವ್ವ.

"ಏನರೀ ಅಕ್ಕಾರ ಇದು! ನಡುಮನ್ಯಾಗ ಕುರಿ ಕೊಯ್ದಂಗ ಕೊಯ್ದು ಹಾಕೀರಿ!"

ಖಾಜಾಸಾಬರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. ಆ ಮನುಷ್ಯನಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಅರಿವೆಯ ಚೂರನ್ನು ಮೆಲ್ಲಗೆ ಚೀಲದ ಕೆಳಗೆ ಸರಿಸಿ, "ಸರ್ವೀಸ್ ಮಾಡಾಕತ್ತೀನಮ್ಮಾ. ವರ್ಷಕ್ಕ ಒಮ್ಮಿ ಮಾಡಸಬೇಕು, ಬಾಳ ಮಂದಿ ಮಾಡ್ಸಂಗಿಲ್ಲ" ಎಂದರು. ಹೊಸ ಥರ್ಮೋಸ್ಟ್ಯಾಟ್ ಹಾಕಿ, ಸುಣ್ಣ ಕೆರೆದು, ಹೊಸ ವಾಲ್ವು ಕೂಡಿಸಿ, ಮತ್ತೆ ಗೋಡೆಗೆ ಏರಿಸಿದರು. ಗುಂಡಿಯನ್ನು ನಡುವಿಗೆ ನಿಲ್ಲಿಸಿ ಉಗುರುಬಣ್ಣದಿಂದ ಗುರುತು ಹಾಕಿಸಿದರು. ಅದು ಲೀಲಾ ಬಿಟ್ಟುಹೋದ ಉಗುರುಬಣ್ಣ. "ಇದನ್ನ ದಾಟಬಾರ್ದು. ಕೆಂಪು ದೀಪ ಆರಬೇಕು. ಆರಲಿಲ್ಲ ಅಂದ್ರ ನನಗ ಫೋನ್ ಹಚ್ಚರಿ" ಎಂದು ಹೋದರು.

ಅಷ್ಟರಲ್ಲಿ ಸಿದ್ದವ್ವ ಮನೆಯೆಲ್ಲಾ ನೋಡಿ ಮುಗಿಸಿದ್ದರು. ಕೋಣೆಯ ಕಿಟಕಿ ತೆರೆದು ಮುಚ್ಚಿದರು, ಮಂಚ ಅಲ್ಲಾಡುತ್ತದೆಯೇ ಎಂದು ಅಲ್ಲಾಡಿಸಿದರು, ತೊಟ್ಟಿಲು ಕಟ್ಟುವ ಕೊಂಡಿಗೆ ಜೋತುಬಿದ್ದು ಜಗ್ಗಿದರು. ಎಲ್ಲದಕ್ಕೂ ಒಂದು "ಹ್ಞೂಂ". ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅವರೇ ತಂದ ಬೆಣ್ಣೆ ಹಾಕಿ ಬಡಿಸಿದೆ. ಎಷ್ಟೋ ದಿನದ ಮೇಲೆ ಆರು ರೊಟ್ಟಿ ಬಡಿದಿದ್ದೆ.

"ಮನಿ ಸಣ್ಣದಾದ್ರೂ ಬೆಳಕು ಅದ. ನೀರಿಂದೂ ಸರ್ವೀಸ್ ಮಾಡಿಸೀರಿ. ಅನುಮಾನ ಇಟ್ಟುಕೊಂಡು ಬಂದಿದ್ದೆ, ಖರೇ" ಎಂದರು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆ ಮುಗಿಯಲಿ ಎಂದು ನಾನೂ ಎರಡು ತುತ್ತು ನುಂಗಿದೆ. ಮೂರನೆಯದು ಇಳಿಯಲಿಲ್ಲ. ಸೋಮವಾರ, ಹಣೆಯ ಮೇಲೆ ವಿಭೂತಿ, ಮುಂದೆ ಕುಳಿತವಳು ತನ್ನ ಮೊಮ್ಮಗುವನ್ನು ನನ್ನ ಕೈಗೆ ಕೊಡಲು ಬಂದವಳು.

"ಅಕ್ಕಾರ, ಅದು ಸರ್ವೀಸ್ ಅಲ್ರಿ" ಎಂದೆ. ಎಲ್ಲ ಹೇಳಿದೆ. ಗುಂಡಿ ತಿರುವಿದ್ದು, ಅರಿವೆ ತುರುಕಿದ್ದು, ಮೇಣ ಹೊಯ್ದದ್ದು, ಮೆಟ್ಟಿಲ ಮೇಲೆ ಕುಳಿತದ್ದು. ಚೀಲದ ಕೆಳಗಿನಿಂದ ಅರಿವೆಯ ಚೂರನ್ನೂ ತಂದು ಮುಂದಿಟ್ಟೆ. ಪಾದದ ಬೊಬ್ಬೆ ತೋರಿಸಿದೆ. "ಹಂಡೆ ನೀರಿಗಿಂತ ಕಡಿಮಿ ಆಗಬಾರ್ದು ಅಂತ ಮಾಡ್ದೆ. ಆಕಿ ಬರ್ಲಿ ಅಂತ ಮಾಡ್ದೆ" ಎಂದೆ.

ಸಿದ್ದವ್ವ ಬಹಳ ಹೊತ್ತು ಆ ಅರಿವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತಾಟಿನಲ್ಲಿ ಕೈ ತೊಳೆದುಕೊಂಡರು. ಆಮೇಲೆ ಮೊದಲ ಸಲ 'ರಿ' ಬಿಟ್ಟು ಮಾತಾಡಿದರು.

"ಯಕ್ಕಾ, ನಿನ್ನ ಅಳಿಯನ ಎಡಗಾಲ ಹಿಂಬಡ ನೋಡಿಯೇನು?"

"ಇಲ್ಲ."

"ಒಂದು ಸುಟ್ಟ ಕಲಿ ಅದ, ರೂಪಾಯಿ ಅಗಲ. ಮಂದಿಗೆ ಕೆಂಡ ತುಳದಾನ ಅಂತ ಹೇಳೀನಿ. ಅದು ನನ್ನ ಕೈಲಿಂದ ಆದದ್ದು. ಹನ್ನೊಂದು ದಿನದ ಕೂಸು. ಹಂಡೆ ನೀರ. ಬೆರಳ ಅದ್ದಿ ನೋಡಿದ್ದೆ." ತಮ್ಮ ಬೆರಳುಗಳನ್ನು ತಾವೇ ನೋಡಿಕೊಂಡರು. "ಇವತ್ತಿನ ತನಕ ಯಾರಿಗೂ ಹೇಳಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಎರಡೂ ಕೈ ಒಂದೇ ಹಾಗಿದ್ದವು. ಹಂಚಿನ ಬಿಸಿಗೆ ಹದವಾದ, ಬಿಸಿ ತಿಳಿಯದ ಕೈಗಳು.

"ಹಂಡೆಂದು ನೆವ ಯಕ್ಕಾ" ಎಂದರು ಆಮೇಲೆ. "ಸುಗ್ಗಿ ಮುಗೀತಂದ್ರ ಗಂಡಸ್ರು ಕುರಿ ಹೊಡ್ಕೊಂಡು ಕಾಲುವಿ ಕಡೆ ಹೋಗಿಬಿಡ್ತಾರ. ನಿನ್ನ ಮಗಳು ಬಂದಾಗಿಂದ ಮನ್ಯಾಗ ಮಾತು ಅಂಬೋದು ಅದ. ಐದು ತಿಂಗಳು ಆಕಿ ಇಲ್ಲ ಅಂದ್ರ ನಾ ಯಾರ ಕೂಡ ಮಾತಾಡ್ಲಿ, ನಾಯಿ ಕೂಡ?"

"ನಾ ಗೀಜರ್ ಕೂಡ ಮಾತಾಡ್ತೀನಿ" ಎಂದೆ.

ಅವರು ನಕ್ಕರು. ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ತೀರ್ಪು ಹೇಳಿದರು: "ಕುಬಸ ಮಾಡಿ ಕಳಸ್ತೀನಿ. ಆದ್ರ ಒಂದು ಮಾತು. ಆ ನೀರು ದಿನಾ ಮೊದಲ ನಿನ್ನ ಮೈಮ್ಯಾಲ ಹಾಕ್ಕೊಂಡು ನೋಡು. ಬೆರಳಲೆ ನೋಡಬ್ಯಾಡ."

ಅದಾದ ಮೇಲೆ ನಾನು ವಾಲ್ವಿನ ಕೆಳಗೆ ಪೂಜೆಯ ಹಿತ್ತಾಳೆ ಗಿಂಡಿ ಇಟ್ಟಿದ್ದು. ನೀರು ಕಾಯುವಾಗ ಹನಿ ಬೀಳುತ್ತದೆ, ತೊಟ್, ತೊಟ್. ತುಂಬಿದರೆ ಬಿಲ್ವದ ಸಸಿಗೆ ಹಾಕುತ್ತೇನೆ. ಕೆಂಪು ದೀಪ ತಾನಾಗಿ ಆರುತ್ತದೆ. ಆರಿದ ಕೂಡಲೇ ಸ್ವಿಚ್ಚು ತೆಗೆಯುತ್ತೇನೆ. ಆಮೇಲೆ ಮನೆ ಮೊದಲಿನಷ್ಟೇ ಸುಮ್ಮನಾಗುತ್ತದೆ, ಸುಳ್ಳೇಕೆ ಹೇಳಲಿ. ಸಂಜೆ ಮಾತ್ರ ಸಿದ್ದವ್ವನ ಫೋನು ಬರುತ್ತದೆ. "ಇವತ್ತ ನೀರು ಹೆಂಗಿದ್ವು?" ಎಂದು ಶುರುವಾಗಿ ಕೋಳಿ, ಕುರಿ, ಲೀಲಾಳ ಕಾಲುಬಾವು ಎಲ್ಲ ಮುಗಿದ ಮೇಲೆ ಇಡುತ್ತಾರೆ. ಮೊನ್ನೆ ನಾನೇ ಕೇಳಿದೆ: "ಬಾಣಂತಿಗೆ ಎರೀಲಿಕ್ಕೆ ಇಬ್ರು ಬೇಕು. ನೀನೂ ಬಾ ಯಕ್ಕಾ, ಇಲ್ಲೇ ಇರು." "ಬೀಗರ ಮನ್ಯಾಗ ಎಷ್ಟು ದಿನ ಅಂತ ಇರ್ಲಿ? ಕೋಳಿ ಯಾರು ನೋಡ್ತಾರ?" ಎಂದರು. ನನ್ನ ಮನೆ ತುಂಬುವ ದಿನ ಅವರ ಮನೆ ಬರಿದಾಗುತ್ತದೆ. ದೇವರ ತಕ್ಕಡಿಯಲ್ಲಿ ಇದನ್ನು ಎಲ್ಲಿಡಬೇಕೋ ನನಗೆ ತಿಳಿಯುವುದಿಲ್ಲ.

ಕುಬಸಕ್ಕೆ ಇನ್ನು ಹದಿನೆಂಟು ದಿನ. ಈಗ ದಿನಾ ಬೆಳಿಗ್ಗೆ ಬೋಗುಣಿಯಲ್ಲಿ ಬಿಸಿನೀರು ಹಿಡಿದು, ತಣ್ಣೀರು ಬೆರೆಸಿ, ಸೆರಗು ಸಿಕ್ಕಿಸಿ ಮೊಳಕೈ ಅದ್ದುತ್ತೇನೆ. ಒಮ್ಮೆ ಹೆಚ್ಚಾಗುತ್ತದೆ, ಒಮ್ಮೆ ಕಡಿಮೆಯಾಗುತ್ತದೆ. ಮತ್ತೆ ಬೆರೆಸುತ್ತೇನೆ. ಇನ್ನೂ ಹುಟ್ಟದ ಮೈಗೆ ಸರಿಹೋಗುವ ಹದ ಬಂದಾಗ, ಯಾರೂ ಇಲ್ಲದ ಬಚ್ಚಲಲ್ಲಿ "ಸರಿ ಅದ, ಬಾ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಆಮೇಲೆ ಆ ಉಗುರುಬೆಚ್ಚಗಿನ ನೀರನ್ನು ನಾನೇ ತಲೆಯ ಮೇಲೆ ಸುರುವಿಕೊಳ್ಳುತ್ತೇನೆ. ಚಳಿಯಾಗುತ್ತದೆ.